ವಿಭೂತಿ ಹಚ್ಚಿದ ತೋಟಾ

ಹೋದ ವಾರ ಬಳ್ಳಾರಿಯ ಬಟ್ಟೆ ಅಂಗಡಿಯೊಂದರ ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ದೀಪಾವಳಿಗೆ ಸೀರೆ ತರಲು ಹೋದವಳು ನಾನು. ಚೀಲ ತಪಾಸಣೆಗೆ ನಿಂತಿದ್ದ ಖಾಕಿ ಬಟ್ಟೆಯ ಹುಡುಗಿ ನನ್ನ ಕೈಚೀಲದೊಳಗೆ ಕೈ ಇಳಿಸಿ ಎಲೆ ಅಡಿಕೆ ಸಂಚಿ ತೆಗೆದಳು, ಕನ್ನಡಕದ ಡಬ್ಬಿ ತೆಗೆದಳು, ಅರ್ಧ ಕಡಿದಿಟ್ಟ ಶೇಂಗಾ ಚಿಕ್ಕಿ ತೆಗೆದಳು. ಕೊನೆಗೆ ಹೆಬ್ಬೆರಳು ದಪ್ಪದ, ತಳಕ್ಕೆ ಹಿತ್ತಾಳೆ ಕಟ್ಟು ಇದ್ದ ಕೆಂಪು ಕೊಳವೆಯೊಂದನ್ನು ಎರಡೇ ಬೆರಳಲ್ಲಿ ಎತ್ತಿ, ಚೇಳು ಹಿಡಿದವಳ ಹಾಗೆ ನಿಂತುಬಿಟ್ಟಳು.

“ಅಮ್ಮಾ, ಏನ್ರಿ ಇದು?”

“ಸೂಜಿ ಡಬ್ಬಿ ಐತವ್ವ.”

“ಸೂಜಿ ಡಬ್ಬಿ? ತೋಟಾ ಐತಲ್ರಿ ಇದು! ಬಂದೂಕಿನಾಗ ಹಾಕೋ ತೋಟಾ!”

ತೋಟಾ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ನನ್ನ ಹಿಂದಿದ್ದ ಸಾಲು ಮಾರುದೂರ ಸರಿಯಿತು. ಒಬ್ಬ ಗಂಡಸಂತೂ ತನ್ನ ಹೆಂಡತಿಯ ಹಿಂದೆ ಹೋಗಿ ನಿಂತ. ನಾನು ಕೊಳವೆಯ ಬಾಯಿಂದ ಅರಿವೆಯ ಉಂಡೆ ಎಳೆದು, ಅದಕ್ಕೆ ಚುಚ್ಚಿಟ್ಟಿದ್ದ ಸೂಜಿಗಳನ್ನು ತೋರಿಸಿದೆ. ಆ ಹುಡುಗಿ ಸೂಜಿ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಸೂಜಿ ನೋಡಿದಳು.

“ಇಂಥಾವು ಇಟಗೊಂಡು ಅಡ್ಡಾಡಬ್ಯಾಡ್ರಿ ಅಮ್ಮಾ. ಯಾರರ ಎದಿ ಒಡಕೊಂಡು ಸತ್ತಾರು!”

ಎದೆ ಒಡೆದುಕೊಳ್ಳುವ ಸಂಗತಿ ಅವಳು ನನಗೆ ಹೇಳಬೇಕೆ? ಈ ದಸರೆಯಲ್ಲಿ ನನ್ನ ಎದೆ ಹೇಗೆ ಬಾಯಿಗೆ ಬಂದು ಕೂತಿತ್ತು ಎಂಬುದನ್ನು ಯಾರಿಗಾದರೂ ಹೇಳಲೇಬೇಕು. ಬಾಯಲ್ಲಿ ಹೇಳಹೋದರೆ ನಮ್ಮ ಮನೆಯವರು ನಡುವೆ ಬಾಯಿ ಹಾಕುತ್ತಾರೆ. ಅದಕ್ಕೇ ಮೊಮ್ಮಗಳು ಗೌರಿ ಮೊನ್ನೆಮೊನ್ನೆ ಕಲಿಸಿದಂತೆ ಈ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಕೂತಿದ್ದೇನೆ. ಫೋನಿಗೆ ನನಗಿಂತ ಅವಸರ. ನಾನು ‘ಹಂದಿ’ ಎಂದು ಒತ್ತುವುದರೊಳಗೆ ಅದು ‘ಹಂದರ’ ಎಂದು ಮದುವೆ ಮಾಡಿ ಮುಗಿಸಿರುತ್ತದೆ. ಹಾಗೇನಾದರೂ ಕಂಡರೆ ನೀವೇ ತಿದ್ದಿಕೊಳ್ಳಿ.

ನಾನು ಕುರುಗೋಡಿನವಳು. ಎತ್ತ ನೋಡಿದರೂ ಬಂಡೆಗುಡ್ಡ, ಬಿಸಿಲಿಗೆ ಕಾದ ಕಲ್ಲು. ಹುಡುಗಿಯಾಗಿದ್ದಾಗ ನನ್ನ ಬಳಿಯೂ ಒಂದು ಬಂದೂಕಿತ್ತು. ಗಾಬರಿಯಾಗಬೇಡಿ, ಬಿದಿರಿನದು. ಕೊಳವೆಗೆ ಎರಡೂ ಕಡೆ ಹಸಿ ಬೇವಿನಕಾಯಿ ಬಿಗಿಯಾಗಿ ತುರುಕಿ ಹಿಂದಿನಿಂದ ಕಡ್ಡಿಯಲ್ಲಿ ನೂಕಿದರೆ ಮುಂದಿನದು ‘ಟಪ್’ ಎಂದು ಹಾರುತ್ತಿತ್ತು. ಬಂಡೆಯ ಮೇಲೆ ಕೂತು ಕೆಳಗೆ ಹೋಗುವವರ ಕೊಡಕ್ಕೆ, ಎಮ್ಮೆಗೆ, ಕೊಡೆಗೆ ಗುರಿಯಿಡುವುದು ನನ್ನ ಉದ್ಯೋಗ. ಒಂದು ಮಧ್ಯಾಹ್ನ ಸಾಲಿ ಮಾಸ್ತರರ ಕಿವಿಗೇ ಬಿತ್ತು. ಅವರು ಕೀವು ತುಂಬಿದ ಕಿವಿಯವರು, ಪಾಪ. ಅವರು ಕುಣಿದ ಕುಣಿತ ನೋಡಿ ನಾನು ಬಂಡೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಂಜೆ ನಮ್ಮಪ್ಪ ನನ್ನನ್ನು ಹಿಡಿದುಕೊಂಡಾಗ ನಗು ನಿಂತಿತು.

ಅಂಥ ಕೆಚ್ಚಿನವಳು ಖರೆ ಬಂದೂಕಿನ ಸದ್ದು ಮೊದಲು ಕೇಳಿದ್ದು ನನ್ನ ಮದುವೆಯ ದಿನವೇ. ಸಿರುಗುಪ್ಪದಲ್ಲಿ ಗಂಡನ ಮನೆಯ ಬಾಗಿಲಿಗೆ ನಮ್ಮ ಬಂಡಿ ಬಂದು ನಿಂತಾಗ, ಸೊಸೆ ಬಂದ ಸಂಭ್ರಮಕ್ಕೆ ನಮ್ಮ ಮಾವನವರು ಮುಗಿಲಿಗೆ ಒಂದು ಗುಂಡು ಹಾರಿಸಿದರು. ಢಂ! ಎತ್ತುಗಳು ನೊಗದ ಕಣ್ಣಿ ಹರಿದುಕೊಂಡವು. ಬಾಸಿಂಗ ಕಟ್ಟಿದ ಮದುಮಗಳು ಬಂಡಿಯ ಕೆಳಗಿದ್ದಳು. ಆರತಿ ತಟ್ಟೆ ಹಿಡಿದವರು ಬಗ್ಗಿ ಬಗ್ಗಿ “ಹೊರಗ ಬಾರವ್ವ, ಆತು, ಒಂದಾ ಗುಂಡು” ಎಂದು ಕರೆಯಬೇಕಾಯಿತು. ನನ್ನ ಗೃಹಪ್ರವೇಶ ಆದದ್ದು ಹಾಗೆ, ಅಂಬೆಗಾಲಿಟ್ಟುಕೊಂಡು.

ಆ ಬಂದೂಕು ಮುಂದೆ ನಮ್ಮ ಮನೆಯವರಿಗೆ ಬಂತು. ಜೋಡಿ ನಳಿಕೆಯದು, ನಡುವೆ ಮುರಿದರೆ ಬಾಯಿ ತೆರೆಯುತ್ತದೆ, ಎರಡು ತೋಟಾ ನುಂಗುತ್ತದೆ. ಕರೂರಿನಲ್ಲಿ ನಮ್ಮ ಭತ್ತದ ಗದ್ದೆ ಇದೆ. ಹಾಲುಗಾಳು ಕಟ್ಟುವ ಹೊತ್ತಿಗೆ ಹೊಳೆಯ ಕಡೆಯ ಪೊದೆಗಳಿಂದ ಕಾಡುಹಂದಿಗಳ ಹಿಂಡು ಬರುತ್ತದೆ. ತಿಂದು ಹೋದರೆ ಬೇರೆ ಮಾತು, ಅವು ಉರುಳಾಡಿ ಹೋಗುತ್ತವೆ. ಮುಗಿಲಿಗೆ ಒಂದು ಗುಂಡು ಹಾರಿಸಿದರೆ ಹಂದಿಗಳು ಓಡುತ್ತವೆ. ಬೆಳೆ ಕಾಯಲೆಂದೇ ಕೊಟ್ಟ ಲೈಸೆನ್ಸು ಅದು.

ನಮ್ಮ ಮನೆಯವರಿಗೆ ಆ ಬಂದೂಕಿನ ಮೇಲಿರುವ ಪ್ರೀತಿ ಎಂಥದೆಂದರೆ, ಚುನಾವಣೆ ಬಂದಾಗ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದಲ್ಲ, ಆಗ ಅವರನ್ನು ನೋಡಬೇಕು. ಮಗಳನ್ನು ಗಂಡನ ಮನೆಗೆ ಕಳಿಸುವ ಮುಖ. ಎಣ್ಣೆ ಹಚ್ಚಿ, ಹಳೆ ಪಂಚೆಯಲ್ಲಿ ಸುತ್ತಿ, ಕೊಟ್ಟುಬಂದು ಎರಡು ದಿನ ಸರಿಯಾಗಿ ಉಣ್ಣುವುದಿಲ್ಲ. ಒಂದು ಸಲ ನಡುವೆ ಠಾಣೆಗೆ ಹೋಗಿ “ಮೂಲ್ಯಾಗ ನಿಲ್ಲಿಸೀರೇನು, ಮಲಗಿಸೀರೇನು? ತೇವ ತಾಕೀತು ನೋಡ್ರಿ” ಎಂದು ಕೇಳಿ ಬೈಸಿಕೊಂಡು ಬಂದರು. ನಾನು ತವರಿಗೆ ಹೋಗಿ ತಿಂಗಳಿದ್ದರೂ ಈ ಮನುಷ್ಯ ಒಂದು ದಿನ ಹೀಗೆ ಕೇಳಿದ್ದಿಲ್ಲ.

ಈಗ ಅವರ ಕೈ ನಡುಗುತ್ತದೆ. ಚಹಾದ ಬಸಿ ಹಿಡಿದರೆ ಚಹಾ ಅಂಗಿಗೆ ಬೀಳುತ್ತದೆ. ಹೋದ ಸುಗ್ಗಿಗೆ ಗದ್ದೆಯಲ್ಲಿ ತೋಟಾ ಹಾಕಲು ಹೋಗಿ ಎರಡನ್ನೂ ಕೆಸರಿಗೆ ಬೀಳಿಸಿದರು. ಅಷ್ಟರಲ್ಲಿ ಹಂದಿಗಳು ನಿಧಾನವಾಗಿ ಉಂಡು, ಕೈ ತೊಳೆಯುವುದೊಂದು ಬಾಕಿ, ಹೊರಟುಹೋದವು. ನಮ್ಮ ಮಗ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಪಟಾಕಿ ಎಂದರೇ ಕಿವಿಗೆ ಬೆರಳು, ತಾಯಿಯ ರಕ್ತ. ಗದ್ದೆಯನ್ನು ನಿಂತು ನಡೆಸುವವಳು ನಮ್ಮ ಸೊಸೆ ಶಾಂತಾ. ನಾಟಿ, ಕಳೆ, ನೀರಿನ ಸರದಿ, ಕೂಲಿಯವರು, ಎಲ್ಲ ಅವಳದೇ. ಹಂದಿ ನುಗ್ಗಿದರೆ ತಗಡು ಬಡಿಯುತ್ತಾ ಓಡುವವಳೂ ಅವಳೇ. ಒಂದು ಸಲ ಒಂಟಿ ಹಂದಿ ಅವಳ ಮೇಲೆಯೇ ತಿರುಗಿ ಬಂದಾಗ ಬದುವಿನಿಂದ ಕಾಲುವೆಗೆ ಬಿದ್ದು ಬದುಕಿ ಬಂದಳು. ಮೈತುಂಬ ಕೆಸರು, ಮೊಣಕಾಲಲ್ಲಿ ಬಾಯಿ ತೆರೆದ ಗಾಯ.

ಆವತ್ತೇ ನಾನು ಹೇಳಿದೆ, “ಬಂದೂಕು ಅಕಿ ಹೆಸರಿಗೆ ಮಾಡ್ರಿ.”

ನಮ್ಮ ಮನೆಯವರು ನನ್ನನ್ನು ಹುಚ್ಚಿ ಎಂಬಂತೆ ನೋಡಿದರು. “ಹೆಂಗಸ್ರ ಕೈಯಾಗ ಬಂದೂಕಾ? ಹಂದಿ ಬಿಟ್ಟು ಊರಗೌಡ್ರ ಎಮ್ಮಿ ಹೊಡೀತಾಳ.”

“ನೀವು ಹಂದೀನೂ ಹೊಡಿಲಿಲ್ಲ, ಎಮ್ಮೀನೂ ಹೊಡಿಲಿಲ್ಲ. ಕೆಸರಿಗೆ ತೋಟಾ ನಾಟಿ ಮಾಡಿ ಬಂದ್ರಿ.”

ಶಾಂತಾ ಮುಸುಕಿನಲ್ಲಿ ನಕ್ಕಳು. ಅವರಿಗೆ ಸಿಟ್ಟು ಬಂತು. ಕೊನೆಗೆ ಒಂದು ಮಾತಿಗೆ ಬಂದರು. ಹೆಸರು ಬದಲಾಗಬೇಕಾದರೆ ಬಂದೂಕು ಹಿಡಿಯುವ ತರಬೇತಿ ಆಗಿರಬೇಕು, ಅವರ ಒಪ್ಪಿಗೆಯ ಸಹಿಯೂ ಬೇಕು. “ತರಬೇತಿ ಮುಗಿಸ್ಲಿ. ಆಮ್ಯಾಲ ಸಹಿ ಹಾಕೋದು ಬಿಡೋದು ನನಗ ಬಿಟ್ಟದ್ದು” ಎಂದರು. ಬಿಡುವುದೇ ಅವರ ಮನಸ್ಸಿನಲ್ಲಿತ್ತು ಎಂಬುದು ಅವರ ಮೀಸೆ ನೋಡಿದರೇ ತಿಳಿಯುತ್ತಿತ್ತು.

ಹೀಗೆ ಶಾಂತಾ ಭಾನುವಾರ ಭಾನುವಾರ ಬಸ್ಸು ಹತ್ತಿ ಬಳ್ಳಾರಿಗೆ ಹೊರಟಳು, ಜೊತೆಗೆ ನಾನು. ಸೊಸೆಯನ್ನು ಒಬ್ಬಳನ್ನೇ ಹೇಗೆ ಕಳಿಸುವುದು ಎಂಬುದು ನೆಪ. ನನಗೆ ನೋಡುವ ಚಪಲ. ಕಲಿಸುವವರು ಸೈನ್ಯದಿಂದ ನಿವೃತ್ತರಾದ ಸುಬೇದಾರ್ ಸಾಹೇಬರು. ಹೆನ್ನ ಹಚ್ಚಿದ ಗಡ್ಡ, ಇಸ್ತ್ರಿ ಮುರಿಯದ ಅಂಗಿ. ಮೊದಲ ದಿನವೇ ಗುಂಡು ಹಾರಿಸುತ್ತಾರೆಂದು ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿದ್ದೆ. ಅವರು ಏನೂ ಹಾರಿಸಲಿಲ್ಲ.

“ಮೊದ್ಲು ಖಾಲಿ ಕೈಲೆ ಕಲೀಬೇಕ್ರಿ. ಹಾಕೋದು, ತೆಗಿಯೋದು, ಮುರಿಯೋದು, ಮುಚ್ಚೋದು. ಮನ್ಯಾಗ ದಿನಾ ಪ್ರಾಕ್ಟೀಸ್ ಆಗಬೇಕು. ಅದಕ್ಕ ಡಮ್ಮಿ ತೋಟಾ ಬೇಕು” ಎಂದರು.

“ಡಮ್ಮಿ ಅಂದ್ರ ಎಲ್ಲಿ ಸಿಗ್ತಾವ್ರಿ?” ಎಂದಳು ಶಾಂತಾ.

“ತರಸಬೋದು. ಇಲ್ಲಾ ಮಾಡಕೋಬೋದು.”

ಮಾಡಿಕೊಳ್ಳಬಹುದು ಎಂಬ ಮಾತು ಕೇಳಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಹಪ್ಪಳದಿಂದ ಕೌದಿಯವರೆಗೆ ಅಂಗಡಿಯಿಂದ ಕೊಂಡದ್ದು ನಮ್ಮ ಮನೆಯಲ್ಲಿ ಕಡಿಮೆ. “ನಾ ಮಾಡ್ತೀನ್ರಿ” ಎಂದುಬಿಟ್ಟೆ. ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೈದಾನದಲ್ಲಿ ಹಾರಿಸಿ ಬಿಸಾಡಿದ್ದ ಖಾಲಿ ಕೊಳವೆಗಳನ್ನು ಆರಿಸಿದರು. ತೋಟಾದ ತಳದ ನಡುವೆ ಹಣೆಯ ಟಿಕಳಿಯಷ್ಟು ಒಂದು ಚಿಕ್ಕ ಬಿಲ್ಲೆ ಇರುತ್ತದೆ. ಬಂದೂಕಿನ ಮೊಳೆ ಅದಕ್ಕೆ ಬಡಿದರೇ ಬೆಂಕಿ. ಸುಟ್ಟುಹೋದ ಆ ಬಿಲ್ಲೆಗಳನ್ನೂ ತಾವೇ ಕಿತ್ತು, ಒಳಗೆ ಏನೂ ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಖಾಲಿ ಕೊಳವೆಗಳನ್ನಷ್ಟೇ ನನ್ನ ಕೈಗೆ ಕೊಟ್ಟರು. ಕೊಟ್ಟ ಮೇಲೆ ಬೋಧನೆ.

“ಅಮ್ಮಾಜಿ, ಡಮ್ಮಿ ಅಂದ್ರ ಡಮ್ಮೀನಾ ಕಾಣಬೇಕು. ಧೋಕಾ ಇರಬಾರ್ದು. ಕಣ್ಣಿಗೆ ಗುರುತಾಗಬೇಕು, ಕಣ್ಣು ಮುಚ್ಚಿದ್ರ ಕೈಗೆ ಗುರುತಾಗಬೇಕು. ಮಗ್ಗಲಾಗ ಆರಪಾರ ತೂತು ಹೊಡೀರಿ. ಹೊರಗಿಂದ ನೋಡಿದ್ರ ಒಳಗ ಮದ್ದಿಲ್ಲಂತ ತಿಳೀಬೇಕು. ಇನ್ನೊಂದು ಮಾತು, ಖರೆ ತೋಟಾ ಇರೋ ಕೋಣ್ಯಾಗ ಡಮ್ಮಿ ಹೊರಗ ತೆಗಿಲೇಬಾರ್ದು.”

“ಬಣ್ಣ ಹಚ್ಚಿದ್ರ ಸಾಕಲ್ರಿ, ತೂತು ಯಾಕ? ಕೆಂಪು ಬಣ್ಣ ಹಚ್ತೀನಿ.”

“ಅಮ್ಮಾಜಿ, ಖರೆ ತೋಟಾನಾ ಕೆಂಪು ಅದಾವ.”

ಅದೂ ಖರೆಯೇ. ನನ್ನ ಜಾಣತನ ಅಲ್ಲಿಗೆ ಸಾಕಾಯಿತು.

ಮನೆಗೆ ಬಂದು ಅಡುಗೆಮನೆಯಲ್ಲೇ ಕಾರ್ಖಾನೆ ಹೂಡಿದೆ. ಮುರಿದ ಲಟ್ಟಣಿಗೆಯನ್ನು ಕೊಯ್ದು, ಕೆತ್ತಿ, ಕೊಳವೆಯೊಳಗೆ ತುರುಕಿ, ಬಾಯಿಗೆ ಮೇಣ ಮೆತ್ತಿದೆ. ಒಂದು ಕೊಳವೆ ಹೆಚ್ಚಾಗಿ ಉಳಿಯಿತು, ಅದೇ ನನ್ನ ಸೂಜಿ ಡಬ್ಬಿಯಾಯಿತು. ಕೊಳವೆ ಖಾಲಿ ಬಿಟ್ಟರೆ ಚಪ್ಪಟೆಯಾಗುತ್ತವೆ ಎಂದು ಸಾಹೇಬರು ಹೇಳಿದ್ದರು. ಹುಳಿಬಾನದ ಸಾರು ಕುದಿಯುವ ಒಲೆಯ ಪಕ್ಕದಲ್ಲೇ ಕಬ್ಬಿಣದ ಸರಳು ಕಾಯಿಸಿ ಮಗ್ಗುಲಿಗೆ ತೂತು ಸುಟ್ಟೆ. ಪ್ಲಾಸ್ಟಿಕ್ಕು ಸುಟ್ಟ ವಾಸನೆ ಎರಡು ದಿನ ಸಾರಿನಲ್ಲಿತ್ತು. ಈ ತೂತು ಸುಡುವ ಕೆಲಸ ನನಗೆ ಒಂಚೂರೂ ಸೇರಲಿಲ್ಲ. ಮಿಲಿಟರಿಯವರಿಗೆ ತಲೆ ಕೆಟ್ಟಿದೆ, ಗುರುತಿಗೆ ಒಂದು ಗೆರೆ ಎಳೆದರೆ ಆಗದೇ ಎಂದು ವಟಗುಟ್ಟುತ್ತಲೇ ಸುಟ್ಟೆ. ಕೈಗೊಂದು ಬೊಬ್ಬೆ ಬಂತು. ಅದಕ್ಕೂ ಸುಬೇದಾರರಿಗೇ ಬೈದೆ.

ಇನ್ನು ತಳದ ನಡುವೆ ಟಿಕಳಿ ಕಿತ್ತ ಜಾಗ. ಅಲ್ಲಿ ಮೆತ್ತನೆಯದೇನಾದರೂ ತುಂಬಬೇಕು, ಇಲ್ಲವಾದರೆ ಬಂದೂಕಿನ ಮೊಳೆ ಹಾಳಾಗುತ್ತದೆ. ನನ್ನ ಹಳೆ ಹವಾಯಿ ಚಪ್ಪಲಿ ಮೂಲೆಯಲ್ಲಿತ್ತು. ಅದರ ಅಟ್ಟೆಯನ್ನು ಕೊಯ್ದು ಸಣ್ಣ ಸಣ್ಣ ಬಿಲ್ಲೆ ಮಾಡಿ ಒತ್ತಿದೆ. ಅಳತೆ ಮಾಡಿಸಿದಂತೆ ಕೂತಿತು! ನನ್ನ ಬುದ್ಧಿಗೆ ನಾನೇ ಬೆರಗಾದೆ. ಆ ಹೊತ್ತಿಗೆ ಸರಿಯಾಗಿ ನಮ್ಮ ಮನೆಯವರು ಒಳಗೆ ಬಂದರು.

“ಏನ್ಲೇ ಅದು, ತಳಕ್ಕ ತುಂಬಾಕತ್ತಿದ್ದು?”

“ರಬ್ಬರ್ ರೀ.”

“ಎಲ್ಲಿದು ರಬ್ಬರ್?”

ನಾನು ಕೊಳವೆ ಎಣಿಸತೊಡಗಿದೆ. ಅವರ ಕಣ್ಣು ಮೂಲೆಯಲ್ಲಿದ್ದ ಅರ್ಧ ಚಪ್ಪಲಿಗೆ ಹೋಯಿತು. ಆ ಮನುಷ್ಯ ಗೋಡೆ ಹಿಡಿದುಕೊಂಡರು.

“ಶಿವ ಶಿವಾ! ಪೂಜಿ ಮಾಡೋ ಬಂದೂಕಿಗೆ ಚಪ್ಪಲಿ ತುಂಬ್ತೀಯೇನ್ಲೇ? ನಮ್ಮಪ್ಪ ಹಿಡಿದಿದ್ದು ಅದು! ನೀ ಮೆಟ್ಟಿದ್ದನ್ನ ಅದರ ಬಾಯಾಗ ಇಡ್ತೀಯೇನು?”

ಆವತ್ತು ಅವರು ಉಣ್ಣಲಿಲ್ಲ. ನನಗೂ ಅನ್ನಿಸಿತು, ಹೌದಲ್ಲ, ಇದು ಅತಿಯಾಯಿತು. ಚಪ್ಪಲಿಯ ಬಿಲ್ಲೆಗಳನ್ನೆಲ್ಲ ಸೂಜಿಯಿಂದ ಕಿತ್ತು, ಕೊಳವೆಗಳನ್ನು ತೊಳೆದು, ಗೌರಿಯ ಬರೆಯುವ ಪೆಟ್ಟಿಗೆಯಿಂದ ಅಳಿಸುವ ರಬ್ಬರು ಕದ್ದು ತುಂಬಿದೆ. ಅಷ್ಟಕ್ಕೂ ಅವರ ಮುಖ ಇಳಿಯಲಿಲ್ಲ. ಅವರನ್ನು ಒಲಿಸಿಕೊಳ್ಳಲು ನನಗೊಂದು ಉಪಾಯ ಹೊಳೆಯಿತು. ಬಾಗಿಲಿಗೆ ಹಚ್ಚಿ ಉಳಿದಿದ್ದ ಬಿಳಿ ಪೇಂಟು ತಂದು ಒಂದೊಂದು ಡಮ್ಮಿ ತೋಟಾದ ಮೈಮೇಲೂ ಮೂರು ಅಡ್ಡ ಗೆರೆ ಎಳೆದೆ. ಥೇಟ್ ವಿಭೂತಿ!

“ನೋಡ್ರಿ, ದೀಕ್ಷಾ ಕೊಟ್ಟೀನಿ. ಇನ್ನ ಮೈಲಿಗಿ ಇಲ್ಲ.”

ಅವರು ತಿರುಗಿಸಿ ತಿರುಗಿಸಿ ನೋಡಿದರು. ನಗು ಬಂದರೂ ನಗಲಿಲ್ಲ. ಮರುದಿನ ಉಂಡರು. ಅಲ್ಲಿಗೆ ಒಂದು ಏಟಿಗೆ ಎರಡು ಕೆಲಸವಾಯಿತು. ಗಂಡ ಒಲಿದ, ಡಮ್ಮಿಗೆ ಕಣ್ಣಿನ ಗುರುತೂ ಆಯಿತು. ಮೂರು ಪಟ್ಟಿ ಇದ್ದದ್ದು ಡಮ್ಮಿ, ಇಲ್ಲದ್ದು ಖರೆ. ಯಾವ ಕಂಪನಿಯವನು ತೋಟಾಕ್ಕೆ ವಿಭೂತಿ ಹಚ್ಚಿ ಮಾರುತ್ತಾನೆ, ಹೇಳಿ!

ಆಮೇಲೆ ದಿನಾ ಸಂಜೆ ನಮ್ಮ ಮನೆಯಲ್ಲಿ ಕವಾಯತು. ನಮ್ಮ ಮನೆಯವರು ಬೀಗ ತೆಗೆದು ಬಂದೂಕು ಕೊಟ್ಟು, ಖರೆ ತೋಟಾ ಇದ್ದ ಟ್ರಂಕಿಗೆ ಬೀಗ ಹಾಕಿದ್ದೇನೆಂದು ತೋರಿಸಿ, ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಶಾಂತಾ ಪಡಸಾಲೆಯಲ್ಲಿ ನಿಂತು, ಎದುರಿನ ಗೋಡೆಗೆ ಒಟ್ಟಿದ್ದ ಭತ್ತದ ಚೀಲಗಳ ಕಡೆಗೆ ನಳಿಕೆ ಮಾಡಿ, ಮುರಿ, ಹಾಕು, ಮುಚ್ಚು, ‘ಟಕ್’, ಮುರಿ, ತೆಗೆ. ಆ ಚೀಲಗಳ ಕಡೆ ಬಿಟ್ಟು ಬೇರೆಡೆ ನಳಿಕೆ ತಿರುಗಿಸಬಾರದೆಂದು ಸಾಹೇಬರ ಕಟ್ಟಪ್ಪಣೆ. ಮೊದಮೊದಲು “ಮೊಣಕೈ ಇಳಸು, ಸೌಟು ಹಿಡಿದಂಗ ಹಿಡೀಬ್ಯಾಡ” ಎಂದು ಕಾಲೆಳೆಯುತ್ತಿದ್ದ ಅವಳ ಮಾವ ಬರಬರುತ್ತಾ ಸುಮ್ಮನಾದರು. ಸೊಸೆಯ ಕೈ ಓಡುವುದನ್ನು ನೋಡುತ್ತಾ ತಮ್ಮ ಕೈಗಳನ್ನು ಶಾಲಿನೊಳಗೆ ಮುಚ್ಚಿಕೊಳ್ಳುತ್ತಿದ್ದರು. ಆದರೂ ಸಹಿಯ ಮಾತೆತ್ತಿದರೆ, “ಆಟದ ಸಾಮಾನು ಹಿಡಿದು ಆಡೋದು ಬ್ಯಾರೆ, ಖರೆ ಬಂದಾಗ ಗೊತ್ತಾಕ್ಕೈತಿ” ಎನ್ನುತ್ತಿದ್ದರು.

ಕತ್ತಲಲ್ಲೂ ಕೈಗೆ ಗುರುತು ಸಿಗಬೇಕೆಂದು ಶಾಂತಾ ಕಣ್ಣಿಗೆ ಅರಿವೆ ಕಟ್ಟಿಕೊಂಡು ಅಭ್ಯಾಸ ಮಾಡತೊಡಗಿದಳು. ತೋಟಾ ಕೊಡುವವಳು ನಾನು. ಸುಮ್ಮನೆ ಕೊಟ್ಟರೆ ನನ್ನದೇನು ಹೆಚ್ಚುಗಾರಿಕೆ? ನಡುವೆ ನಡುವೆ ಒಂದು ಮುಳಗಾಯಿ, ಒಂದು ಬಾಳೆಹಣ್ಣು, ಒಮ್ಮೆ ನಮ್ಮ ಮನೆಯವರ ಹಲ್ಲಿನ ಸೆಟ್ಟು ಕೊಟ್ಟೆ. ಅವಳು ಚೀರಿದ್ದಕ್ಕೆ ಪಕ್ಕದ ಮನೆಯವರು ಬಂದರು.

“ಅತ್ತಿ, ನಿಮಗ ವಯಸ್ಸಾಗೈತೋ ಇಲ್ಲೋ?” ಎಂದು ನಗುತ್ತಾ ಬೈದಳು.

ಅಷ್ಟರಲ್ಲಿ ದಸರೆ ಬಂತು. ಹಬ್ಬ ಮುಗಿದು ಬರುವ ಸೋಮವಾರ ಬಳ್ಳಾರಿಯಲ್ಲಿ ಶಾಂತಾಳ ಕೊನೆಯ ಪರೀಕ್ಷೆ. ಮನೆಗೆ ಧೂಳು ಹೊಡೆದು ಸುಣ್ಣ ಬಳಿಯಲೆಂದು ಭತ್ತದ ಚೀಲಗಳನ್ನು ಹೊರಗಿನ ಕಟ್ಟೆಗೆ ಸಾಗಿಸಿದ್ದೆವು. ಮಹಾನವಮಿಯ ದಿನ ದೇವರ ಕೋಣೆಯಲ್ಲಿ ಆಯುಧಪೂಜೆ. ಕುಡುಗೋಲು, ಸಲಿಕೆ, ಔಷಧಿ ಹೊಡೆಯುವ ಪಂಪು, ಹೊಲಿಗೆ ಯಂತ್ರ, ನಡುವೆ ಹಾಸುಮಣೆಯ ಮೇಲೆ ಬಂದೂಕು. ಪ್ರತಿ ವರ್ಷ ಬಂದೂಕಿನ ಮುಂದೆ ಒಂದೇ ಒಂದು ಖರೆ ತೋಟಾ ಇಟ್ಟು, ಮರುದಿನ ಬನ್ನಿ ಕೊಟ್ಟು ಬಂದ ಮೇಲೆ ತೆಗೆದು ಟ್ರಂಕಿಗೆ ಹಾಕುವುದು ನಮ್ಮ ಮನೆಯ ಪದ್ಧತಿ. ಈ ಸಲ ಡಮ್ಮಿಗಳಿಗೂ ತಟ್ಟೆಯಲ್ಲಿ ಜಾಗ ಬೇಕೆಂದು ನಾನೇ ಹಟ ಮಾಡಿದೆ. ನಾನು ಮಾಡಿದ ಆಯುಧವಲ್ಲವೇ! ಖರೆ ತೋಟಾ ಇರುವ ಕೋಣೆಯಲ್ಲಿ ಡಮ್ಮಿ ತೆಗೆಯಬಾರದೆಂಬ ಮಾತು ಪೂಜೆಗೂ ಸಲ್ಲುತ್ತದೆಂದು ನಮ್ಮ ಯಾರ ತಲೆಗೂ ಬರಲಿಲ್ಲ. ದೇವರ ಕೋಣೆ, ಅಲ್ಲಿ ಏನಾದೀತು?

ನಮ್ಮ ಮನೆಯವರು ವಿಭೂತಿ ಹಚ್ಚುವುದರಲ್ಲಿ ಧಾರಾಳಿ. ಪಂಪಿಗೂ ಹಚ್ಚಿದರು, ಮಗನ ಬೈಕಿಗೂ ಹಚ್ಚಿದರು, ನನ್ನ ಫೋನಿನ ಕ್ಯಾಮೆರಾಕ್ಕೂ ಹಚ್ಚಿದರು. ಎರಡು ದಿನ ಅದು ತೆಗೆದ ಫೋಟೋಗಳಲ್ಲಿ ನಾವೆಲ್ಲ ಮಂಜಿನಲ್ಲಿ ಅಡ್ಡಾಡುತ್ತಿದ್ದೆವು.

ಮರುದಿನ ಮಧ್ಯಾಹ್ನ ಊಟವಾಗಿ ಅವರು ಕಟ್ಟೆಯ ಮೇಲೆ ಅಡ್ಡಾಗಿದ್ದರು. ಬನ್ನಿಗೆ ಹೋಗುವುದು ಸಂಜೆ. ಶಾಂತಾಳಿಗೆ ಪರೀಕ್ಷೆಯ ಚಿಂತೆ.

“ಅತ್ತಿ, ಒಂದ್ಸಲ ಕಣ್ಣು ಕಟಗೊಂಡು ಮಾಡ್ಲೇನು? ಮಾವ ಎದ್ದ ಮ್ಯಾಲ ಕೇಳೂನು ಅಂದ್ರ ಬನ್ನಿಗೆ ಹೋಗಿಬಿಡ್ತಾರ.”

“ಮಾಡು. ಪೂಜಿ ಆಗೈತಿ, ದೇವ್ರ ಆಶೀರ್ವಾದ ಬಿಸಿ ಬಿಸಿ ಐತಿ.”

ಅವಳು ಬಂದೂಕಿಗೆ ಕೈಮುಗಿದು ತಂದಳು. ನಾನು ತಟ್ಟೆ ತಂದೆ. ಹೂವು ಸರಿಸಿ ನೋಡಿದೆ, ಕೆಂಪು ಮೈ, ಮೂರು ಬಿಳಿ ಪಟ್ಟಿ, ಎಲ್ಲ ನನ್ನ ಮಕ್ಕಳೇ. ಪೂಜೆಯ ಖರೆ ತೋಟಾ ಕಾಣಲಿಲ್ಲವಾದ್ದರಿಂದ, ಅದನ್ನು ಅವರು ಆಗಲೇ ಟ್ರಂಕಿಗೆ ಹಾಕಿರಬೇಕು ಎಂದುಕೊಂಡೆ. ಶಾಂತಾ ಕಣ್ಣು ಕಟ್ಟಿಕೊಂಡು ಎಂದಿನ ಜಾಗದಲ್ಲಿ, ಎಂದಿನ ಗೋಡೆಯ ಕಡೆ ಮುಖ ಮಾಡಿ ನಿಂತಳು. ಚೀಲಗಳಿರಲಿಲ್ಲ. ಅವುಗಳ ಹಿಂದೆ ವರ್ಷವಿಡೀ ಮುಚ್ಚಿಹೋಗಿರುತ್ತಿದ್ದ ಅಡುಗೆಮನೆಯ ಹಲಗೆ ಬಾಗಿಲು ಎದುರಿಗಿತ್ತು. ಅದರಾಚೆ ಗೌರಿ ಮಂಡಕ್ಕಿಯ ಮಂಡಾಳು ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಾ ಏನೋ ಹಾಡುತ್ತಿದ್ದಳು. ನನ್ನ ಕಿವಿಗೆ ಹಾಡು ಕೇಳುತ್ತಿತ್ತು. ಕೇಳುತ್ತಿತ್ತು ಅಷ್ಟೇ, ತಲೆಗೆ ಹೋಗಲಿಲ್ಲ.

ಮೊದಲನೆಯದು ಕೊಟ್ಟೆ. ಬೆರಳಲ್ಲಿ ಸವರಿದಳು, ಹಾಕಿದಳು. ಎರಡನೆಯದು ಕೊಟ್ಟೆ. ಸವರಿದಳು. ಮತ್ತೆ ಸವರಿದಳು.

“ಅತ್ತಿ, ಇದಕ್ಕ ತೂತಿಲ್ಲ.”

“ಐತಿ ನೋಡು. ಕುಂಕುಮ ಮೆತ್ತಿರಬೇಕು.”

“ಇಲ್ರಿ. ಮೈ ಎಲ್ಲಾ ನುಣ್ಣಗೈತಿ.”

“ಏ ಹಾಕ ಹುಡುಗಿ, ಪರೀಕ್ಷಾದಾಗ ಹಿಂಗ ನಿಂತ್ರ ಸಾಹೇಬ್ರು ಮನಿಗೆ ಕಳಸ್ತಾರ. ಮೂರು ಪಟ್ಟಿ ನಾ ಕಣ್ಣಾರೆ ನೋಡೀನಿ.”

ಹಾಕು ಎಂದೆ. ಈ ಬಾಯಲ್ಲಿ ಹಾಕು ಎಂದೆ.

ಅವಳು ಹಾಕಲಿಲ್ಲ. ಅಂಗೈಯಲ್ಲಿಟ್ಟು ಮೇಲೆ ಕೆಳಗೆ ತೂಗಿದಳು. “ಅತ್ತಿ, ಇದು ಭಾರ ಐತಿ” ಎಂದಳು. ಅವಳ ದನಿ ತೆಳ್ಳಗಾಗಿತ್ತು. ಬಂದೂಕನ್ನು ಮುರಿದ ಬಾಯಲ್ಲೇ ನೆಲಕ್ಕಿಟ್ಟು ಕಣ್ಣಿನ ಅರಿವೆ ಎಳೆದಳು. ಇಬ್ಬರೂ ಬಗ್ಗಿ ನೋಡಿದೆವು. ಕೆಂಪು ಮೈ. ಮೂರು ಬಿಳಿ ಪಟ್ಟಿ. ನಾನು ಉಗುರಿನಿಂದ ಕೆರೆದೆ. ಪೇಂಟಾಗಿದ್ದರೆ ಬರುತ್ತಿರಲಿಲ್ಲ. ಅದು ಪುಡಿಯಾಗಿ ಉದುರಿತು. ತಿರುಗಿಸಿದೆ. ತಳದ ನಡುವೆ ರಬ್ಬರಿರಲಿಲ್ಲ, ಹಿತ್ತಾಳೆಯ ಟಿಕಳಿ ಮಿಣ್ಣಗೆ ಹೊಳೆಯುತ್ತಿತ್ತು.

ಹಲಗೆ ಬಾಗಿಲು ತೆರೆಯಿತು. “ಅಜ್ಜೀ, ಮಂಡಾಳಕ್ಕ ಪುಠಾಣಿ ಪುಡಿ ಎ‌ಲ್ಲಿಟ್ಟೀ?” ಎಂದು ಗೌರಿ ನಿಂತಿದ್ದಳು. ಶಾಂತಾ ಈಗಷ್ಟೇ ನಳಿಕೆ ಹಿಡಿದಿದ್ದ ನೇರಕ್ಕೆ. ಅದು ಗೌರಿಯ ಎದೆಯ ಎತ್ತರ.

ಮದುವೆಯ ದಿನ ಬಂಡಿಯ ಕೆಳಗೆ ಹೋಗಲಿಕ್ಕಾದರೂ ಕಾಲಿಗೆ ಶಕ್ತಿಯಿತ್ತು. ಈಗ ಅಲ್ಲೇ ಕುಸಿದೆ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಹಾರದ ಗುಂಡಿಗೂ ಸದ್ದಿರುತ್ತದೆ, ನಾನು ಕೇಳಿದ್ದೇನೆ.

ಶಾಂತಾಳೇ ಹೋಗಿ ಮಾವನನ್ನು ಎಬ್ಬಿಸಿ ಕರೆತಂದಳು. ಅವರು ತೋಟಾ ನೋಡಿದರು, ತಟ್ಟೆ ನೋಡಿದರು, ಬಾಗಿಲಲ್ಲಿದ್ದ ಗೌರಿಯನ್ನು ನೋಡಿದರು.

“ನಾನಾ ಹಚ್ಚೀನಿ,” ಎಂದರು. “ಸುಳ್ಳು ತೋಟಾಕ್ಕೆಲ್ಲಾ ವಿಭೂತಿ ಐತಿ, ಖರೆ ತೋಟಾ ಒಂದಾ ಬೋಳ ಹಣಿ ಇಟಗೊಂಡು ಕುಂತೈತಿ ಅನ್ನಿಸ್ತು. ನೋಡಾಕಾಗ್ಲಿಲ್ಲ. ನೀರಾಗ ಕಲಸಿ ಹಚ್ಚಿದೆ.”

“ಮಾವಾ, ಹಂಗಂತ ನಮಗ ಹೇಳಬಾರದಿತ್ತೇನು?” ಎಂದಳು ಶಾಂತಾ. ಮಾವನಿಗೆ ಎದುರಾಡಿದ್ದು ಅದೇ ಮೊದಲು.

ಆಮೇಲೆ ಅವರು ಮಾಡಿದ್ದನ್ನು ನೋಡಿ ನಾನು ಇನ್ನೊಮ್ಮೆ ಬೆಚ್ಚಿದೆ. ನೆಲದ ಮೇಲೆ ಕೂತು, ಆ ತೋಟಾವನ್ನು ಎಡಗೈಯಲ್ಲಿ ಹಿಡಿದು, ಬಲಗೈ ಬೆರಳಿಂದ ವಿಭೂತಿ ಒರೆಸತೊಡಗಿದರು. ಹಚ್ಚಿದ ವಿಭೂತಿಯನ್ನು ಒರೆಸುವುದು ಅವರ ಜನ್ಮದಲ್ಲಿ ಇಲ್ಲ. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಲೂ ಬಿಡದ ಮನುಷ್ಯ. ಉದುರಿದ್ದು ನೆಲಕ್ಕೆ ಬೀಳದಂತೆ ಬೆರಳಲ್ಲೇ ಹಿಡಿದು ಒಂದು ಪಟ್ಟಿಯದನ್ನು ತಮ್ಮ ಹಣೆಗೆ ಒತ್ತಿಕೊಂಡರು. ಎರಡನೆಯದನ್ನು ನನ್ನ ಹಣೆಗೆ ಒತ್ತಿದರು. ಮೂರನೆಯದು ಬೆರಳಲ್ಲಿರುವಾಗ “ಇಲ್ಲಿ ಬಾರವ್ವ” ಎಂದು ಶಾಂತಾಳನ್ನು ಕರೆದು ಅವಳ ಹಣೆಗೆ ಹಚ್ಚಿದರು.

“ಅತ್ತಿ ಹಾಕು ಅಂದ್ರೂ ಹಾಕ್ಲಿಲ್ಲಲ್ಲ ನೀನು.”

“ಕೈ ಒಪ್ಪಲಿಲ್ರಿ ಮಾವಾ.”

“ಸೋಮವಾರ ಯಾವ ಬಸ್ಸಿಗೆ ಹೊಂಟೀರಿ?”

“ಮುಂಜಾನಿ ಮೊದಲ್ನೇ ಬಸ್ಸಿಗ್ರಿ.”

“ನಾನೂ ಬರ್ತೀನಿ. ನೀ ಪರೀಕ್ಷಾ ಮುಗಸು, ನಾ ಸಹಿ ಮುಗಸ್ತೀನಿ.”

ತೋಟಾವನ್ನು ಟ್ರಂಕಿಗೆ ಹಾಕಿ ಬೀಗ ಜಡಿದು ಬಂದರು. ಗೌರಿ ಏನೂ ತಿಳಿಯದೆ ಎಲ್ಲರಿಗೂ ಮಂಡಾಳು ತಂದುಕೊಟ್ಟಳು. ನಾನು ಶಾಂತಾಳ ಕಡೆ ನೋಡಿದೆ. ಬಂದೂಕು ಹಿಡಿದಾಗ ಅಲುಗದಿದ್ದ ಅವಳ ಕೈ ಈಗ ನಡುಗಲು ಶುರುವಾಗಿತ್ತು. ತಟ್ಟೆ ಗಡಗಡ ಎನ್ನುತ್ತಿತ್ತು, ಮಂಡಾಳು ಉದುರುತ್ತಿತ್ತು. ಅವಳ ಮಾವ ಎದ್ದು ಹೋಗಿ ಆ ತಟ್ಟೆಯ ಇನ್ನೊಂದು ಅಂಚು ಹಿಡಿದರು. ಅವರ ಕೈಯೋ, ಹೇಳಿದೆನಲ್ಲ. ಇಬ್ಬರೂ ಹಿಡಿದ ಮೇಲೆ ಮಂಡಾಳು ಇನ್ನೂ ಜೋರಾಗಿ ಉದುರಿತು. ಹಬ್ಬಕ್ಕೆಂದು ನಾನೇ ಸಾರಿಸಿದ ನೆಲದ ತುಂಬ. ಬೇರೆ ದಿನವಾಗಿದ್ದರೆ ಇಬ್ಬರನ್ನೂ ಬಿಡುತ್ತಿರಲಿಲ್ಲ. ಆವತ್ತು ಗೌರಿಯನ್ನು ಮಡಿಲಿಗೆ ಎಳೆದುಕೊಂಡು, ನೆಲದಿಂದ ಒಂದೊಂದೇ ಮಂಡಾಳು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾ ಕೂತೆ.